ನರಿ ಓದಿದ ಎಲೆ

ಒಂದು ಕಾಡಿನಲ್ಲಿ ಬೇಸಿಗೆಗೆ ಒಂದೇ ಒಂದು ಹೊಂಡ ಉಳಿದಿತ್ತು. ದಿನವೂ ಅದರಲ್ಲಿ ಊರುವ ಚೂರು ನೀರನ್ನು ಸರದಿಯಲ್ಲಿ ಕುಡಿಯೋಣವೆಂದು ಪ್ರಾಣಿಗಳು ಹೊಂಗೆ ಮರದ ಕೆಳಗೆ ದುಂಡಗೆ ಕೂತು ಸಭೆ ಮಾಡುತ್ತಿದ್ದವು. ಯಾರಿಗೂ ಓದು ಬರುತ್ತಿರಲಿಲ್ಲ. ಅಧ್ಯಕ್ಷರೂ ಇರಲಿಲ್ಲ. ಹೊಂಗೆಕಾಯಿ ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಸುಮ್ಮನಿರಬೇಕು. ಮಂಗಕ್ಕೆ ಮಾತ್ರ ಇದು ಬಹಳ ಕಷ್ಟವಾಗುತ್ತಿತ್ತು.

ಕಾಯಿಯನ್ನು ಕೈಯಿಂದ ಕೈಗೆ ದಾಟಿಸುವ ಕೆಲಸ ಸೂಜವ್ವ ಎಂಬ ಮುಳ್ಳುಹಂದಿಯದು. ಅವಳಿಗೆ ಎರಡು ಎಳೆ ಮರಿಗಳು. "ಮರಿ ಇದ್ದವರಿಗೆ ಮೊದಲ ಸರದಿ" ಎಂದು ಸಭೆ ತೀರ್ಮಾನಿಸಿತ್ತು. ತೀರ್ಮಾನವನ್ನು ಪ್ರತಿಯೊಬ್ಬರೂ ತಮ್ಮ ಬಾಯಿಂದ ತಿರುಗಿ ಹೇಳಬೇಕು. ಆಮೇಲೆ ತಂತಮ್ಮ ಗುರುತನ್ನು ಸರದಿಯ ಪ್ರಕಾರ ದಡದ ಮೇಲೆ ಸಾಲಾಗಿ ಇಡಬೇಕು. ಸೂಜವ್ವನದು ಒಂದು ಮುಳ್ಳು, ಮೊಲದ್ದು ಗರಿಕೆ, ಕಡವೆಯದು ಕೊಂಬಿನ ಚೂರು.

ಒಂದು ದಿನ ನರಿ ಬಂತು. "ಅಯ್ಯೋ ರಾಮ! ಬರವಣಿಗೆ ಇಲ್ಲದ್ದೂ ಒಂದು ಸಭೆಯೇ? ನಾನು ನಾಲ್ಕಕ್ಷರ ಕಲಿತವನು, ಬರೆದುಕೊಡ್ತೀನಿ. ತಿರುಗಿ ಹೇಳೋ ತಾಪತ್ರಯ ಯಾಕೆ?" ಎಂದು ಮುತ್ತುಗದ ಎಲೆಯ ಮೇಲೆ ಪರಪರ ಗೀಚಿತು. ಎಲ್ಲರೂ ಒಪ್ಪಿಗೆಯ ಗುರುತಾಗಿ ಭಕ್ತಿಯಿಂದ ಅದರ ಮೇಲೆ ಹೆಜ್ಜೆ ಒತ್ತಿದರು.

ಮರುದಿನ ನರಿ ಎಲೆ ಹಿಡಿದು ಓದಿತು. "ಮೊದಲು ನರಿ. ಆಮೇಲೆ ನರಿಯ ಭಾವಮೈದಂದಿರು. ಕೊನೆಗೆ ಮುಳ್ಳುಹಂದಿ."

"ನಾವು ಹಾಗೆ ಹೇಳಲಿಲ್ಲವಲ್ಲ, ನರಿಯಣ್ಣ?"

"ಹೇಳಿದ್ದು ಗಾಳಿಗೆ ಹೋಯಿತು, ಸೂಜವ್ವ. ಹೆಜ್ಜೆ ನಿನ್ನದೇ ತಾನೇ?"

ಹೆಜ್ಜೆ ಅವಳದೇ. ಅವಳ ಸರದಿ ಬರುವಷ್ಟರಲ್ಲಿ ಹೊಂಡದಲ್ಲಿ ಕೆಸರು ಉಳಿದಿತ್ತು. ಮರಿಗಳು ಅದನ್ನೇ ನೆಕ್ಕಿ ಅತ್ತವು. ಸೂಜವ್ವ ಅವುಗಳ ಮೂತಿಯ ಕೆಸರು ಒರೆಸಿದಳು.

ಮುಂದಿನ ಸಭೆಯ ಬೆಳಿಗ್ಗೆ ಕಡವೆ ಆ ಎಲೆಯನ್ನು ತಿಂದುಬಿಟ್ಟಿತು. ಸಭೆಯ ಫಲಾಹಾರ ಎಂದುಕೊಂಡಿತಂತೆ.

"ಅದರಲ್ಲಿ ಏನಿತ್ತು, ಕಡವೆಯಣ್ಣ?" ಎಂದು ಸೂಜವ್ವ ಕೇಳಿದಳು.

"ಸ್ವಲ್ಪ ಒಗರಿತ್ತು."

ಸೂಜವ್ವ ಯೋಚಿಸಿದಳು. ನೆಲದ ಮೇಲಿದ್ದ ಇನ್ನೊಂದು ಎಲೆ ಎತ್ತಿಕೊಂಡಳು. ಅದರ ತುಂಬ ಸೊಟ್ಟ ಗೆರೆಗಳಿದ್ದವು. ಸಭೆ ಸೇರಿದಾಗ ಅದನ್ನು ನರಿಗೆ ಕೊಟ್ಟಳು. "ಆಚೆ ಕಾಡಿನಿಂದ ಓಲೆ ಬಂದಿದೆ. ಓದಿ ಹೇಳಪ್ಪ, ನಾವು ದಡ್ಡರು."

ನರಿ ಗಂಟಲು ಸರಿಮಾಡಿಕೊಂಡಿತು. "ಕ್ಷೇಮ. ನಿಮ್ಮಲ್ಲಿ ನರಿಗೆ ಮೊದಲು ನೀರು ಕೊಡುವುದು ಕೇಳಿ ಸಂತೋಷವಾಯಿತು. ಇನ್ನು ಮೇಲೆ ಎರಡು ಸಲ ಕೊಡಿ."

ಎಲೆಯ ಅಡಿಯಿಂದ ಒಂದು ಹಸಿರು ಹುಳ ತಲೆ ಹೊರಗೆ ಹಾಕಿತು. "ಸ್ವಾಮಿ, ಅದು ನಾನು ತಿಂದ ಗುರುತು. ನನಗೂ ಓದು ಬರಲ್ಲ."

ನರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪಕ್ಕದಲ್ಲೇ ಕೂತಿದ್ದ ಮಂಗಕ್ಕೆ ಬೇಸರವಾಯಿತು.

ಹೊಂಗೆಕಾಯಿ ಮತ್ತೆ ಸುತ್ತು ಬಂತು. ಎಲ್ಲರೂ ತೀರ್ಮಾನವನ್ನು ಬಾಯಿಬಿಟ್ಟು ಹೇಳಿದರು. ಮೊದಲು ಸೂಜವ್ವನ ಮುಳ್ಳು, ಕಟ್ಟಕಡೆಗೆ ನರಿಯ ಬಾಲದ ಕೂದಲು.

"ನನ್ನದು ಕೊನೆ ಅಂತ ಎಲ್ಲಿ ಬರೆದಿದೆ?" ಎಂದು ನರಿ ಕೂಗಾಡಿತು.

"ಎಲ್ಲೂ ಬರೆದಿಲ್ಲ ನರಿಯಣ್ಣ, ಅದಕ್ಕೇ ತಿದ್ದೋಕೂ ಆಗಲ್ಲ" ಎಂದಳು ಸೂಜವ್ವ.

ಆ ಸಂಜೆ ಮರಿಗಳು ಹೊಟ್ಟೆ ತುಂಬ ತಿಳಿನೀರು ಕುಡಿದವು. ನರಿ ಕೆಸರು ನೆಕ್ಕಿತು. ಸ್ವಲ್ಪ ಒಗರಿತ್ತು.

ನೀತಿ: ಓದು ಬಾರದವರಿಗೆ ಬುದ್ಧಿ ಇಲ್ಲವೆಂದು ತಿಳಿಯಬಾರದು. ಎಲ್ಲರೂ ಕೂಡಿ ಆಡಿ, ಎಲ್ಲರೂ ನೆನಪಿಟ್ಟ ಮಾತನ್ನು ಯಾವ ಮೋಸಗಾರನೂ ತಿರುಚಲಾರ.