ಮೂರು ಗುಡಿಸಲು

ಚೆನ್ನವೀರ ಹೊಳೆಯ ದಂಡೆಗುಂಟ ಓಡುತ್ತಲೇ ಬಂದ. ಸಂತೋಷಕ್ಕೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಗುರುಗಳೇ, ಮುಗಿಯಿತು! ಮೂರೂ ಗುಡಿಸಲು ಎದ್ದು ನಿಂತಿವೆ! ಒಂದರಲ್ಲಿ ಔಷಧಿ, ಒಂದರಲ್ಲಿ ಊಟ, ಒಂದರಲ್ಲಿ ಬಟ್ಟೆ. ಒಂದೊಂದಕ್ಕೂ ಒಬ್ಬ ಶಿಷ್ಯ, ಒಂದು ನಿಯಮ. ನಿಯಮ ಬರೆದವನು ನಾನೇ. ಇನ್ನು ಈ ಊರಿನಲ್ಲಿ ಯಾರೂ ನರಳಬೇಕಿಲ್ಲ!"

ಗುರು ಅಡವಯ್ಯನವರು ಬೇವಿನ ಮರದ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಬುಟ್ಟಿ ಹೆಣೆಯುವ ದ್ಯಾಮವ್ವ. ಪಾದದ ಹುಣ್ಣು ಬಾತು, ಅವಳ ಮೈ ಕಾದಿತ್ತು. ಇನ್ನೆರಡು ದಿನ ಬಿಟ್ಟರೆ ಕಾಲು ಉಳಿಯುವಂತಿರಲಿಲ್ಲ. ಊರಿನ ಆ ತುದಿಯಿಂದ ತೆವಳಿಕೊಂಡೇ ಬಂದಿದ್ದಳು.

"ಹಾಗಾದರೆ ಇವಳನ್ನು ಹೊತ್ತುಕೋ," ಎಂದರು ಗುರುಗಳು.

ಹೊತ್ತ. ಔಷಧಿಯ ಬಾಗಿಲಿಗೆ ಹೋದ.

"ಖಾಲಿ ಹೊಟ್ಟೆಗೆ ಔಷಧಿ ಕೊಡುವಂತಿಲ್ಲ. ಉಂಡು ಬರಲಿ," ಎಂದ ಅಲ್ಲಿದ್ದ ಶಿಷ್ಯ.

ಊಟದ ಬಾಗಿಲಿಗೆ ಹೋದ.

"ಕೊಳೆ ಸೀರೆಯಲ್ಲಿ ಪಂಕ್ತಿಗೆ ಕೂರಿಸುವಂತಿಲ್ಲ. ಬದಲಿಸಿ ಬರಲಿ."

ಬಟ್ಟೆಯ ಬಾಗಿಲಿಗೆ ಹೋದ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಹುಣ್ಣಿಗೆ ಔಷಧಿ ಹಚ್ಚದೆ ಹೊಸ ಸೀರೆ ಕೊಡುವಂತಿಲ್ಲ. ಕೀವು ಹತ್ತುತ್ತದೆ."

ಮೂರೂ ಮಾತು ಸರಿಯಾದವೇ. ಅದೇ ಫಜೀತಿ.

ಚೆನ್ನವೀರ ಮತ್ತೆ ಔಷಧಿಯ ಕಡೆ ತಿರುಗಿದ.

"ಎಪ್ಪಾ, ಗಾಣದ ಎತ್ತಿನಂಗ ಇನ್ನೆಷ್ಟು ಸುತ್ತು ಹಾಕ್ತೀಯೋ?" ಎಂದಳು ಬೆನ್ನ ಮೇಲಿದ್ದ ದ್ಯಾಮವ್ವ. "ಈ ನಿಯಮ ಬರದಾಂವ ಯಾರಪಾ? ಅವನ ಬೆನ್ನ ಮ್ಯಾಲೂ ಯಾರನ್ನರ ಹೇರಬೇಕು ನೋಡು."

ಚೆನ್ನವೀರ ನಿಂತುಬಿಟ್ಟ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮರುಕ್ಷಣವೇ ಕೂಗಿದ:

"ಏ, ಮೂವರೂ ಹೊರಗೆ ಬನ್ರೋ! ಗಂಜಿ ತಾ! ಮುಲಾಮು ತಾ! ಸೀರೆ ತಾ!"

ದ್ಯಾಮವ್ವನನ್ನು ಮತ್ತೆ ಬೇವಿನ ಕೆಳಗೆ ತಂದು ಇಳಿಸಿದ್ದೇ ತಡ, ಗದ್ದಲವೋ ಗದ್ದಲ. ಒಬ್ಬ ಗಂಜಿ ಕುಡಿಸಿದ. ಒಬ್ಬ ಹುಣ್ಣು ತೊಳೆದು ಮುಲಾಮು ಹಚ್ಚಿ ಪಟ್ಟಿ ಕಟ್ಟಿದ. ಇನ್ನೊಬ್ಬ ಸೀರೆ ಹಿಡಿದು ನಿಂತ. ಮೂವರನ್ನೂ ಒಟ್ಟಿಗೆ ಬೈಯುವಷ್ಟು ದ್ಯಾಮವ್ವ ಚೇತರಿಸಿಕೊಂಡಳು.

"ಹದಿನೈದು ದಿನ, ದಿನಾ ಬಂದು ಪಟ್ಟಿ ಕಟ್ಟಿಸಿಕೊಳ್ಳಬೇಕವ್ವಾ. ಬಿಟ್ಟರೆ ಕಾಲು ಹೋಗುತ್ತದೆ," ಎಂದ ಔಷಧಿಯ ಶಿಷ್ಯ.

ದ್ಯಾಮವ್ವ ತೆವಳಿ ತರಚಿಹೋದ ಮಂಡಿಗಳನ್ನು ನೋಡಿಕೊಂಡಳು.

ಚೆನ್ನವೀರನಿಗೆ ಅದು ಕಾಣಲಿಲ್ಲ. ಅವನು ಕುಣಿಯುವುದೊಂದೇ ಬಾಕಿ.

"ತಿಳಿಯಿತು ಗುರುಗಳೇ, ತಿಳಿಯಿತು! ಮೂರೂ ಗುಡಿಸಲು ನಾಳೆಯೇ ಕೀಳುತ್ತೇನೆ. ಒಂದೇ ದೊಡ್ಡ ಮನೆ ಕಟ್ಟುತ್ತೇನೆ. ಮೂವರೂ ಒಟ್ಟಿಗೆ, ಬಾಗಿಲು ಒಂದೇ!"

ಗುರುಗಳು ಎದ್ದು, ದ್ಯಾಮವ್ವನನ್ನು ತಮ್ಮ ಬೆನ್ನಿಗೇರಿಸಿಕೊಂಡು ಊರಿನ ಕಡೆ ಹೆಜ್ಜೆ ಹಾಕಿದರು.

"ದಿನಾ ಮೂವರೂ ಒಟ್ಟಿಗೇ ಬನ್ನಿ. ಬಾಗಿಲು ಮಾತ್ರ ಕಟ್ಟಬೇಡ, ಚೆನ್ನವೀರ. ಇವಳ ಮನೆಗೆ ಒಂದಿದೆ."