ಸುಣ್ಣದ ಮನೆಗೆ ಕೀಲಿ

ನೀಲವ್ವನಿಗೆ ಒಬ್ಬನೇ ಮಗ, ಗುರುಪಾದ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕೆಂದು ಹರಕೆ ಹೊತ್ತು ಹೆತ್ತವಳು ಅವಳು. ಹಾಗೇ ಆಯಿತು, ಅದೇ ಪೀಕಲಾಟ.

ಹನ್ನೆರಡು ವರ್ಷ ತಗಡಿನ ಶೆಡ್ಡಿನಲ್ಲಿ ಬೆಂದವಳು, ತನ್ನ ಖಾಲಿ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಲು ಹೊರಟಳು. ಪಟ್ಟಣ ಪಂಚಾಯ್ತಿಯ ಪರವಾನಿಗೆ ಬೇಕಲ್ಲ? ಅರ್ಜಿಯನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಬಾ ಎಂದಳು. ಇಟ್ಟು ಬಂದ. ಫ್ಯಾನು ತಿರುಗಿತು, ಅರ್ಜಿ ಕಿಟಕಿಯಾಚೆ ಹಾರಿ ಎಮ್ಮೆಯ ಬಾಯಿ ಸೇರಿತು.

“ಮ್ಯಾಲೊಂದು ಕಲ್ಲು ಇಡಬೇಕಿತ್ತಲ್ಲೋ ಖೋಡಿ.”

“ಆತು ಬಿಡವ್ವ, ಇನ್ನ ಮುಂದ ಹಂಗ ಮಾಡ್ತೀನಿ.”

ಮಾಡಿದ. ಎರಡನೇ ಅರ್ಜಿಯನ್ನು ಗುಮಾಸ್ತರು ಕೈಯಲ್ಲಿ ಹಿಡಿದು ಓದುತ್ತಿದ್ದರು. ಗುರುಪಾದ ಹೆಗಲ ಮೇಲಿದ್ದ ರುಬ್ಬುವ ಗುಂಡನ್ನು ಇಳಿಸಿ ಅದರ ಮೇಲಿಟ್ಟ. ಗುಂಡು ಅರ್ಜಿಯ ಸಮೇತ ಅವರ ಪಾದದ ಮೇಲೆ ಕೂತಿತು. ಪುಣ್ಯಾತ್ಮರು ಕುಂಟುತ್ತಲೇ ಅರ್ಜಿ ಬಂತೆಂದು ಸೀಲು ಒತ್ತಿದರು.

ಅಷ್ಟರಲ್ಲಿ ಪಕ್ಕದ ಚನಮಲ್ಲಪ್ಪ ತಕರಾರು ಕೊಟ್ಟ. ಈ ಮನೆ ಎದ್ದರೆ ತನ್ನ ಗಾಡಿಗೆ ದಾರಿ ಇರುವುದಿಲ್ಲವಂತೆ. ಪಂಚಾಯ್ತಿಯವರು ಸೋಮವಾರ ಜಾಗಕ್ಕೇ ಬಂದು ತೀರ್ಮಾನ ಮಾಡುವುದೆಂದಾಯಿತು. ಅವರು ಆಗದು ಅಂದರೆ ನೀಲವ್ವನಿಗೆ ಸಾಯುವ ತನಕ ತಗಡೇ ಗತಿ.

ಮನೆ ಎಲ್ಲಿ ಬರುತ್ತದೋ ನೆಲದ ಮೇಲೆ ಸುಣ್ಣದಲ್ಲಿ ಬರೆ ಎಂದಳು. ನಕ್ಷೆಗಿಂತ ಒಂದು ಬೆರಳು ಆಚೀಚೆ ಆಗದಂತೆ ಬರೆದ. ಆಮೇಲೆ ಗೆರೆ ತುಳಿದು, ಅಳಿಸಿಕೊಂಡು ಬಂದ.

“ಯಾರರ ಗ್ವಾಡಿ ಹಾದು ಬರ್ತಾರೇನೋ? ಬಾಗಲಾ ಬಿಟ್ಟೀಯಲ್ಲ, ಅಲ್ಲಿಂದ ಬಾ.”

“ಆತು ಬಿಡವ್ವ, ಇನ್ನ ಮುಂದ ಹಂಗ ಮಾಡ್ತೀನಿ.”

ಸೋಮವಾರ ಅಧ್ಯಕ್ಷೆ, ಎಂಜಿನಿಯರು, ಸದಸ್ಯರೆಲ್ಲ ಬಂದರು. ಗುರುಪಾದ ಎರಡೂ ಕೈ ಚಾಚಿ ಅಡ್ಡ ನಿಂತ.

“ಅದು ಗ್ವಾಡಿರೀ. ಬಾಗಲದಿಂದ ಬರ್ರಿ. ಚಪ್ಪಲಿ ಹೊರಗ ಬಿಡ್ರಿ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು ನೀಲವ್ವನಿಗೆ. ಅಧ್ಯಕ್ಷೆ ನಗುತ್ತಾ ಚಪ್ಪಲಿ ಬಿಟ್ಟು ಬಾಗಿಲಿನಿಂದಲೇ ಒಳಬಂದಳು. ಅವಳ ಹಿಂದೆ ಸಾಲಾಗಿ ಎಲ್ಲರೂ ಬಂದರು. ಚನಮಲ್ಲಪ್ಪ ದಾರಿ ಸಾಲದೆಂದು ತೋರಿಸಲು ಗಾಡಿಯನ್ನು ಗೆರೆಯ ಮೇಲೇ ಹೊಡೆದುಕೊಂಡು ಬಂದ. ಗುರುಪಾದ ಎತ್ತಿನ ಮೂಗುದಾರ ಹಿಡಿದ. ನಮ್ಮ ಗೋಡೆಗೆ ತಾಗಿಸಬೇಡ ಕಾಕಾ ಎಂದು ಹೊರಗಿನಿಂದ ಮೆಲ್ಲಗೆ ಆಚೆ ದಾಟಿಸಿದ. ಗಾಡಿ ದಾಟಿತು, ಇನ್ನೂ ಒಂದು ಮೊಳ ಜಾಗ ಉಳಿಯಿತು.

“ಗಾಡಿ ಹೋತಲ್ಲ ಚನಮಲ್ಲಪ್ಪಣ್ಣ, ಇನ್ನೇನು ತಕರಾರು?” ಅಂದಳು ಅಧ್ಯಕ್ಷೆ. ಮನೆಯೊಳಗೆ ನಿಂತೇ ಎಲ್ಲರೂ ಒಪ್ಪಿಗೆಯೆಂದು ಕೈ ಎತ್ತಿದರು.

ಶುಕ್ರವಾರ ಪರವಾನಿಗೆ ಪತ್ರ ಬಂತು. ನೀಲವ್ವ ಅದನ್ನು ಕಣ್ಣಿಗೊತ್ತಿಕೊಂಡು, ಮನೆಯೊಳಗಿಟ್ಟು ಕೀಲಿ ಹಾಕೆಂದು ಮಗನಿಗೆ ಹೇಳಿ ಸಂತೆಗೆ ಹೋದಳು. ಬಂದು ನೋಡಿದರೆ ಶೆಡ್ಡಿನಲ್ಲಿ ಪತ್ರವಿಲ್ಲ! ಮಗನನ್ನು ಹುಡುಕುತ್ತಾ ಜಾಗಕ್ಕೆ ಓಡಿದಳು. ಸುಣ್ಣದ ಗೆರೆಗಳ ನಡುವೆ, ರುಬ್ಬುವ ಗುಂಡಿನ ಕೆಳಗೆ ಪತ್ರ ಭದ್ರವಾಗಿತ್ತು. ಗೆರೆಯಲ್ಲಿ ಬಾಗಿಲು ಬಿಟ್ಟಲ್ಲಿ, ನೆಲದ ಮೇಲೆ ಕೀಲಿ ಹಾಕಿದ ಬೀಗವೊಂದು ಬಿದ್ದಿತ್ತು. ಅವಳು ಗೆರೆಯತ್ತ ನುಗ್ಗಿದಳು. ಹೊರಗೆ ಕಾವಲು ಕೂತಿದ್ದ ಗುರುಪಾದ ಕೂಗಿದ.

“ಅವ್ವಾ, ಗ್ವಾಡಿ.”

ನೀಲವ್ವ ನಿಂತಳು. ಬೈಯಲು ಬಾಯಿ ತೆರೆದಳು, ನಗು ಬಂತು. ಎಂಥಾ ಮಗನಪ್ಪಾ ನನ್ನವನು ಎಂದು ಕಣ್ಣು ತುಂಬಿಕೊಂಡಳು. ಸುತ್ತು ಹಾಕಿ ಬಂದು, ಚಪ್ಪಲಿ ಬಿಟ್ಟು, ಅವನಿಂದ ಕೀಲಿಕೈ ಇಸಿದುಕೊಂಡು ಕೀಲಿ ತೆಗೆದಳು. ತಲೆ ಬಗ್ಗಿಸಿ ತನ್ನ ಮನೆಯೊಳಗೆ ಹೋಗಿ ಕೂತಳು. ಗುರುಪಾದ ಹೊರಗಿನಿಂದ ಮತ್ತೆ ಕೀಲಿ ಹಾಕಿಕೊಂಡು ಚಹಾ ತರಲು ಹೋದ. ಅವನು ಬಂದು ತೆಗೆಯುವ ತನಕ ನೀಲವ್ವ ಒಳಗೇ ಇದ್ದಳು.