ಬೆಂಕಿ ಆರಿಸಿದವರು ಯಾರು?

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮ. ನಾಲ್ಕು ಗುಡಿಸಲು, ಒಂದು ಬೇವಿನ ಮರ, ಒಬ್ಬ ಗುರು. ಸುತ್ತಲಿನ ಊರಿನವರು ಗುರುವನ್ನು ಅಜ್ಜಾರು ಎನ್ನುತ್ತಿದ್ದರು.

ಅಲ್ಲಿಗೆ ಪಂಪಣ್ಣ ಬಂದ. ತಾಲ್ಲೂಕು ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವನು.

"ಯಾಕ ಬಂದಿ?" ಎಂದರು ಅಜ್ಜಾರು.

"ದೀಕ್ಷೆ ಬೇಕ್ರಿ ಅಜ್ಜಾರ."

"ಯಾರು ಕಳಿಸಿದ್ರು?"

"ಒಂದು ಸಿನಿಮಾ."

ಅಜ್ಜಾರು ನಗಲಿಲ್ಲ. "ಹೇಳು" ಎಂದರು.

ಪಂಪಣ್ಣ ಹೇಳಿದ. ಆ ಸಿನಿಮಾದಲ್ಲಿ ಒಬ್ಬ ಸನ್ಯಾಸಿ. ಕೊನೆಯಲ್ಲಿ ಅವನ ಗುಡಿಸಲಿಗೆ ಬೆಂಕಿ ಬೀಳುತ್ತದೆ. ಹಾಸಿಗೆ, ಗ್ರಂಥ, ಕಾಳಿನ ಚೀಲ ಎಲ್ಲವೂ ಉರಿಯುತ್ತವೆ. ಸನ್ಯಾಸಿ ಅಂಗಳದಲ್ಲಿ ಕಣ್ಣು ತೆರೆದು ಕೂತಿರುತ್ತಾನೆ. ಆರು ನಿಮಿಷ ಮಾತಿಲ್ಲ, ಸಂಗೀತವಿಲ್ಲ. ಕ್ಯಾಮರಾ ಅಲುಗುವುದಿಲ್ಲ, ಅವನೂ ಅಲುಗುವುದಿಲ್ಲ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

"ಮಂದಿ ಏನಂದ್ರು?"

"ಬೈದ್ರು. ಸನ್ಯಾಸಿಗೆ ಅವಮಾನ ಮಾಡ್ಯಾರ ಅಂತ ಕೆಲವರು, ಇದೂ ಒಂದು ಸಿನಿಮಾ ಏನು ಅಂತ ಕೆಲವರು. ಅರ್ಧ ಮಂದಿ ಎದ್ದು ಹೋದ್ರು. ಒಬ್ಬಾಂವ ಪರದೆಗೆ ಚಪ್ಪಲಿ ಒಗೆದ."

"ನೀನು?"

"ನಾನು ಕಣ್ಣು ಮಿಟುಕಿಸಲಿಲ್ರಿ. ಬದುಕಿದ್ರ ಹಿಂಗ ಬದುಕಬೇಕು ಅನಿಸ್ತು. ಏಳು ಸಲ ನೋಡಿದೆ. ಎಂಟನೇ ದಿನ ಎಲ್ಲಾ ಬಿಟ್ಟು ಬಂದೆ."

"ಎಲ್ಲಾ ಅಂದ್ರ?"

"ಸ್ಟುಡಿಯೋ, ಕ್ಯಾಮರಾ. ಈ ಸುಗ್ಗಿಗೆ ಹನ್ನೊಂದು ಮದುವಿ ಒಪ್ಪಿಕೊಂಡಿದ್ದೆ. ಅವನ್ನೂ ಬಿಟ್ಟೆ."

ಹನ್ನೊಂದು ಎನ್ನುವಾಗ ಅವನ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ಹತ್ತು ಮದುವೆ ಬಿಟ್ಟು ಬಂದವನಿಗಿಂತ ಒಂದು ಕೈ ಮೇಲು ಎಂಬಂತೆ.

"ಆ ಮದುವಿಗೆಲ್ಲಾ ಈಗ ಯಾರು ಹೋಗ್ತಾರ?"

"ನಮ್ಮಕ್ಕ ಅದಾಳ್ರಿ, ಗಿರಿಜಕ್ಕ. ಸ್ಟುಡಿಯೋದಾಗ ಫೋಟೋಕ್ಕ ಕಟ್ಟು ಹಾಕ್ತಿದ್ಲು."

"ಆಕಿಗೆ ಕ್ಯಾಮರಾ ಹಿಡಿಯಾಕ ಬರತೈತಿ?"

"ಕಲಿತಿರಬೇಕು. ಒಂದು ಮಾತು ಹೇಳಿಕೊಟ್ಟಿದ್ದೆ. ಬಟನ್ ಒತ್ತೂ ಮೊದಲು ನಾಲ್ಕೂ ಮೂಲಿ ನೋಡಬೇಕು. ನಡುವ ಇರೋದನ್ನ ಎಲ್ಲಾರೂ ನೋಡ್ತಾರ, ಮೂಲಿ ನೋಡಾಂವ ಫೋಟೋಗ್ರಾಫರ್."

"ಛಲೋ ಮಾತು" ಎಂದರು ಅಜ್ಜಾರು. "ಇರು. ಹುಣ್ಣಿವಿಗೆ ನೋಡೋಣ."

ಪಂಪಣ್ಣ ಉಳಿದ. ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ, ಬೇವಿನ ಮರದ ಕೆಳಗೆ ಆ ಸನ್ಯಾಸಿಯ ಹಾಗೆ ಕೂರುತ್ತಿದ್ದ. ಇರುವೆ ಕಚ್ಚಿದರೂ ಅಲುಗುತ್ತಿರಲಿಲ್ಲ.

ಮೂರನೆಯ ದಿನ ಅವನ ಫೋನು ಗುಣುಗಿತು. ಅವನು ಬಂದ ಮೆಸೇಜ್ ನೋಡಿದ, ಫೋನು ಆಫ್ ಮಾಡಿದ, ಮತ್ತೆ ಕೂತ.

"ಯಾರದು?" ಎಂದರು ಅಜ್ಜಾರು.

"ಅಕ್ಕಂದ್ರಿ. ಮದುವಿ ಮನ್ಯಾಗ ನಿಂತೀನಿ, ಫ್ಲ್ಯಾಶ್ ಹತ್ತವಲ್ದು, ಏನು ಮಾಡ್ಲಿ ಅಂತ ಕೇಳ್ಯಾಳ."

"ಏನು ಹೇಳಿದಿ?"

"ಏನೂ ಹೇಳಲಿಲ್ರಿ. ಅಲುಗಲಿಲ್ಲ."

ಅಜ್ಜಾರು ಹೂಂ ಎಂದರು. ಅದನ್ನು ಪಂಪಣ್ಣ ಮೆಚ್ಚುಗೆ ಎಂದುಕೊಂಡ.

ಆಶ್ರಮದ ಅಡುಗೆ ಹುಲಿಗೆವ್ವನದು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಅವಳು ಆ ಸಿನಿಮಾದ ಕಥೆ ಕೇಳಿದಳು. ಪಂಪಣ್ಣ ಮನಸ್ಸಿಟ್ಟು ಹೇಳಿದ. ಸನ್ಯಾಸಿಯ ಕಣ್ಣನ್ನು ತನ್ನ ಕಣ್ಣಲ್ಲಿ ಮಾಡಿ ತೋರಿಸಿದ.

ಹುಲಿಗೆವ್ವ ರೊಟ್ಟಿ ಮಗುಚಿದಳು. "ಅದೆಲ್ಲಾ ಖರೆ ತಮ್ಮಾ. ಬೆಂಕಿ ಆರಿಸಿದವರು ಯಾರು?"

"ಅದು ಮುಖ್ಯ ಅಲ್ಲವ್ವಾ."

"ಗುಡಿಸಲ ಸುಡಾಕತ್ತೈತಿ ಅಂತೀದಿ. ಮತ್ಯಾವುದು ಮುಖ್ಯ?"

ಪಂಪಣ್ಣನಿಗೆ ಸಿಟ್ಟು ಬಂತು. ಒಲೆ ಮುಂದೆ ಕೂತವಳಿಗೆ ಕಲೆ ಎಲ್ಲಿಂದ ತಿಳಿಯಬೇಕು ಎಂದುಕೊಂಡು ಅಜ್ಜಾರ ಬಳಿ ಹೋಗಿ ದೂರಿದ.

"ಆಕಿ ಕೇಳಿದ್ದು ನನಗೂ ತಿಳಿಬೇಕಾಗೈತಿ" ಎಂದರು ಅಜ್ಜಾರು. "ಎಲ್ಲಾರಿಗೂ ಆ ಸಿನಿಮಾ ತೋರಿಸು. ಆಮೇಲೆ ದೀಕ್ಷೆ ಮಾತಾಡೋಣ."

ಪಂಪಣ್ಣ ಹಿಗ್ಗಿದ. ಎಲ್ಲ ಬಿಟ್ಟು ಬಂದವನ ಚೀಲದಲ್ಲಿ ಆ ಸಿನಿಮಾ ಇದ್ದ ಪೆನ್‌ಡ್ರೈವ್ ಒಂದು ಉಳಿದಿತ್ತು.

ಹುಣ್ಣಿಮೆಯ ಹಿಂದಿನ ಸಂಜೆ ಶಾಲೆಯ ಮೇಷ್ಟ್ರು ಪ್ರೊಜೆಕ್ಟರ್ ತಂದರು. ಅಜ್ಜಾರ ಒಗೆದ ಧೋತರವೇ ಪರದೆಯಾಯಿತು. ಊರಿನ ಇಪ್ಪತ್ತು ಮೂವತ್ತು ಮಂದಿ ಬಂದು ಕೂತರು. ಹುಲಿಗೆವ್ವ ಕೈ ಒರೆಸಿಕೊಳ್ಳುತ್ತ ಬಂದು ಮುಂದೆಯೇ ಕೂತಳು.

ಬೆಂಕಿ ಹತ್ತಿತು. ಸನ್ಯಾಸಿ ಕೂತ. ಪಂಪಣ್ಣ ಎಂಟನೆಯ ಸಲ ಉಸಿರು ಹಿಡಿದು ಅವನ ಕಣ್ಣನ್ನೇ ನೋಡಿದ.

"ಆಕಿ ಯಾರು?" ಎಂದಳು ಹುಲಿಗೆವ್ವ.

"ಯಾವಾಕಿ?"

"ಅಲ್ಲಿ ನೋಡು, ಎಡಗಡಿ ಮೂಲ್ಯಾಗ."

ಎಡಮೂಲೆಯ ಹೊಗೆಯಲ್ಲಿ ಒಬ್ಬ ಹೆಂಗಸು. ಸೊಂಟದ ಮೇಲೆ ಕೊಡ. ಓಡಿ ಬಂದಳು, ಬೆಂಕಿಗೆ ನೀರು ಸುರಿದಳು, ಖಾಲಿ ಕೊಡದೊಂದಿಗೆ ಪರದೆಯಿಂದ ಆಚೆ ಹೋದಳು. ಮುಖ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು.

"ಎರಡು" ಎಂದಳು ಹುಲಿಗೆವ್ವ.

ಈಗ ಎಲ್ಲರೂ ಆ ಮೂಲೆಯನ್ನೇ ನೋಡುತ್ತಿದ್ದರು. ಸನ್ಯಾಸಿಯನ್ನು ಯಾರೂ ನೋಡಲಿಲ್ಲ. ಮೂರನೆಯ ಸಲ ಅವಳು ಎಡವಿದಳು. ಕೂತವರಲ್ಲಿ ಯಾರೋ ಅಯ್ಯೋ ಎಂದರು. ನಾಲ್ಕನೆಯ ಸಲ ನಡೆದೇ ಬಂದಳು, ಓಡುವ ಶಕ್ತಿ ಉಳಿದಿರಲಿಲ್ಲ.

"ಐದು."

ಐದನೆಯ ಕೊಡ ಸುರಿದು ಅವಳು ಮತ್ತೆ ನೀರಿಗೆ ಹೋದಳು. ಗುಡಿಸಲಿನ ಮಾಡು ಇನ್ನೂ ಉರಿಯುತ್ತಿತ್ತು. ಅವಳು ತಿರುಗಿ ಬರುವ ಮೊದಲೇ ಸಿನಿಮಾ ಮುಗಿಯಿತು.

ಯಾರೂ ಚಪ್ಪಲಿ ಎಸೆಯಲಿಲ್ಲ. ಮಂದಿ ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡು ಹೋದರು. ಹುಲಿಗೆವ್ವ ಒಲೆಯ ಕಡೆ ಹೋದಳು.

ಪಂಪಣ್ಣ ಅಲ್ಲೇ ನಿಂತಿದ್ದ. ಅವನಿಗೆ ನಾಚಿಕೆಯಾಗಿತ್ತು.

"ಏಳು ಸಲ ನೋಡಿದ್ದೆ" ಎಂದ, ಯಾರಿಗೂ ಅಲ್ಲ ಎಂಬಂತೆ.

ಅಜ್ಜಾರು ಧೋತರ ಬಿಚ್ಚುತ್ತಿದ್ದರು. "ಆ ತುದಿ ಹಿಡಿ" ಎಂದರು.

ಪಂಪಣ್ಣ ಹಿಡಿದ. ಇಬ್ಬರೂ ಕೂಡಿ ಮಡಿಚಿದರು.

"ನಾಳೆ ಹುಣ್ಣಿವಿ" ಎಂದರು ಅಜ್ಜಾರು. "ದೀಕ್ಷೆ ಕೊಡಾಕ ನನ್ನದೇನೂ ಅಡ್ಡಿ ಇಲ್ಲ. ನಿನಗ ಬೇಕೇನು?"

ಪಂಪಣ್ಣ ಜೇಬಿನಿಂದ ಫೋನು ತೆಗೆದ. ಅದು ಆಫ್ ಆಗಿಯೇ ಇತ್ತು. ಕೈಯಲ್ಲಿ ಹಿಡಿದುಕೊಂಡು ಹೊಳೆಯ ಕಡೆ ನೋಡಿದ.

"ಅಜ್ಜಾರ," ಎಂದ, "ಆ ಬೆಂಕಿ ಆರಿತೇನ್ರಿ?"

"ನನಗೇನು ಗೊತ್ತು? ನಿಮ್ಮಕ್ಕನ್ನ ಕೇಳು."